ನಾನು ಬೀದಿಗೆ ಓಡಿದ ಭಾನುವಾರ

ಸೊಂಟದ ಮೂಳೆ ಮುರಿದುಕೊಂಡ ಅಮ್ಮ ತರೀಕೆರೆಯ ನಮ್ಮ ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮಂಚದಿಂದ ಇಳಿಯಬೇಕಾದರೆ ನಾನೇ ಹಿಡಿದುಕೊಳ್ಳಬೇಕು. ಆ ಭಾನುವಾರ ಬೆಳಗ್ಗೆ ಗ್ಯಾಸ್ ಮೇಲೆ ಬೇಳೆ ಬೇಯುತ್ತಿತ್ತು. ಇದ್ದಕ್ಕಿದ್ದಂತೆ ಭಾರೀ ಲಾರಿಯೊಂದು ಗೋಡೆಗೆ ಒತ್ತಿಕೊಂಡೇ ಹೋದಂತೆ ಸದ್ದಾಯಿತು. ಕಾಲಡಿಯ ನೆಲ ನಡುಗಿತು. ನಾನು ಬರಿಗಾಲಲ್ಲೇ ಬೀದಿಗೆ ಓಡಿಬಿಟ್ಟೆ.

ಬೀದಿ ತುಂಬ ಜನ. "ಲಕ್ಕವಳ್ಳಿ ಡ್ಯಾಮ್ ಬಿರುಕು ಬಿಟ್ಟೈತಂತೆ!" ಎಂದು ಯಾರೋ ಕೂಗಿದರು. ಅದು ಸುಳ್ಳೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಡುಕ ನಿಂತಿತ್ತು. ಪಕ್ಕದ ಮನೆಯಲ್ಲಿದ್ದ ಉರ್ದು ಶಾಲೆಯ ಟೀಚರ್ ನನ್ನ ತೋಳು ಹಿಡಿದು, "ಅಮ್ಮ ಎಲ್ರೀ?" ಎಂದರು.

ಅವರು ಕೇಳುವ ತನಕ ನನಗೆ ಅಮ್ಮನ ನೆನಪೇ ಆಗಿರಲಿಲ್ಲ.

ಇಬ್ಬರೂ ಒಳಗೆ ಓಡಿದೆವು. ಅಟ್ಟದ ಮೇಲಿದ್ದ ಹಿತ್ತಾಳೆ ಕೊಳಗ ಮಂಚದ ಮೇಲೆ, ಅಮ್ಮನ ಪಾದದ ಪಕ್ಕದಲ್ಲೇ ಬಿದ್ದಿತ್ತು. ಅಮ್ಮ ದಿಂಬನ್ನು ತಲೆಗೆ ಅವುಚಿಕೊಂಡು ಕಣ್ಣು ಮುಚ್ಚಿದ್ದಳು. ಟೀಚರ್ ಹೋಗಿ ಗ್ಯಾಸ್ ಆರಿಸಿದರು. ನಾನು ಅಳತೊಡಗಿದೆ. ಅಮ್ಮ ನನ್ನ ಕೈ ಸವರುತ್ತ, "ನೀನಾದ್ರೂ ಹೊರಗಿದ್ದೆಯಲ್ಲ, ಅಷ್ಟು ಸಾಕು ಬಿಡು" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸಂಜೆ ಟೀಚರ್ ಮತ್ತೆ ಬಂದರು. ಭೂಕಂಪವಾದರೆ ಏನು ಮಾಡಬೇಕೆಂದು ಶಾಲೆಯಲ್ಲಿ ಅವರಿಗೆ ತರಬೇತಿ ಆಗಿತ್ತಂತೆ. "ಅಲ್ಲಾಡೋವಾಗ ಓಡಬಾರ್ದು ಕಣ್ರೀ. ಹೆಂಚು, ಇಟ್ಟಿಗೆ ಬೀಳೋದು ಬಾಗಿಲ ಮುಂದೇನೇ. ಗಟ್ಟಿ ಟೇಬಲ್ ಕೆಳಗೆ ಕೂತು, ತಲೆ ಮುಚ್ಚಿ, ಅದರ ಕಾಲು ಹಿಡ್ಕೊಳ್ಳಿ. ಅಲ್ಲಾಡೋದು ನಿಂತ ಮೇಲೆ ಹೊರಗೆ ಬನ್ನಿ. ಅಮ್ಮ ಮಾಡಿದ್ದೇ ಸರಿ. ಏಳೋಕಾಗದೋರು ಮಂಚದಲ್ಲೇ ಇದ್ದು ತಲೆ ಕಾಪಾಡ್ಕೋಬೇಕು."

ಆ ವಾರ ಅಟ್ಟದ ಪಾತ್ರೆಗಳನ್ನೆಲ್ಲ ನೆಲಕ್ಕಿಳಿಸಿದೆ. ಬಡಗಿಯನ್ನು ಕರೆಸಿ ಕಬ್ಬಿಣದ ಬೀರುವನ್ನು ಗೋಡೆಗೆ ಬಿಗಿಸಿದೆ. ಮಂಚವನ್ನು ಕಿಟಕಿಯಿಂದ ದೂರ ಎಳೆದೆ. ಟಾರ್ಚು, ನೀರು, ಅಮ್ಮನ ಮಾತ್ರೆ, ನನ್ನ ಚಪ್ಪಲಿ ಮಂಚದ ಬಳಿಯೇ ಇಟ್ಟೆ. ಇಷ್ಟೆಲ್ಲ ಮಾಡುವಾಗ ಅಮ್ಮ ನೋಡುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ಮಧ್ಯಾಹ್ನ ಮತ್ತೆ ಕಿಟಕಿ ಗಡಗಡ ಎಂದಿತು. ನಾನು ಅಮ್ಮನ ಕಡೆ ಹೆಜ್ಜೆ ಹಾಕಿದೆ. "ಬರಬೇಡ ಕಣೇ, ಟೇಬಲ್ ಕೆಳಗೆ ಹೋಗು!" ಎಂದು ಕಿರುಚಿದಳು. ನುಗ್ಗಿ ಕೂತೆ. ಟೇಬಲ್ಲಿನ ಕಾಲು ತಬ್ಬಿಕೊಂಡು, "ದಿಂಬು ಇಟ್ಕೊಂಡ್ಯಾ?" ಎಂದೆ. "ಹ್ಞೂಂ." ನಮ್ಮಿಬ್ಬರ ನಡುವೆ ನಾಲ್ಕು ಹೆಜ್ಜೆ. ಕಲಿಸಿದಂತೆಯೇ ನಡೆದುಕೊಂಡಿದ್ದೆ, ಆದರೂ ಮತ್ತೊಮ್ಮೆ ಬಿಟ್ಟುಹೋದಂತೆಯೇ ಅನಿಸಿತು. ಅದು ಭೂಕಂಪವಲ್ಲ, ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸಿದ್ದು ಎಂದು ಆಮೇಲೆ ತಿಳಿಯಿತು.

ಮುಂದಿನ ವಾರ ಅಜ್ಜಂಪುರದಿಂದ ಅಕ್ಕ ಬಂದಳು. "ಮೊದಲನೇ ಸಲ ಅಲ್ಲಾಡಿದಾಗ ಇವಳೆಲ್ಲಿದ್ಳಮ್ಮಾ?" ಎಂದು ಕೇಳಿದಳು.

"ನನ್ನ ಪಕ್ಕದಲ್ಲೇ ಇದ್ಳು" ಎಂದಳು ಅಮ್ಮ, ತಟ್ಟನೆ.

ಸಂಜೆ ಬಸ್ಸಿಗೆ ಕಾಯುವಾಗ ತಡೆಯಲಾಗದೆ ಅಕ್ಕನಿಗೆ ನಿಜ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. "ನಾನಿದ್ದಿದ್ರೆ ಏನ್ಮಾಡ್ತಿದ್ದೆನೋ, ಗೊತ್ತಿಲ್ಲ ಕಣೇ" ಎಂದಳು. ಬಸ್ಸು ಬಂತು. ಕಿಟಕಿ ಪಕ್ಕ ಕೂತ ಮೇಲೂ ಅವಳು ನನ್ನ ಕೈ ಬಿಟ್ಟಿರಲಿಲ್ಲ.