ಖಂಡೆ ಪೂಜೆಗೆ ಕೂತ ರೌಟರ್

ನಮ್ಮ ಮನೆಯಲ್ಲಿ ಖಂಡೆ ಪೂಜೆಯೆಂದರೆ ಕುಡುಗೋಲಿನಿಂದ ಹಿಡಿದು ಮಿಕ್ಸರಿನವರೆಗೆ ದುಡಿಯುವ ಸಾಮಾನೆಲ್ಲ ದೇವರ ಮುಂದೆ ಬಂದು ಕೂಡಬೇಕು. ಮಹಾನವಮಿಯ ದಿನ ಅವಕ್ಕೆ ವಿಭೂತಿ, ಕುಂಕುಮ, ಚೆಂಡು ಹೂ. ಮರುದಿನ ಬನ್ನಿ ಹಂಚಿ ಮುಗಿಯುವ ತನಕ ರಜೆ. ಆ ವರ್ಷ ನನ್ನ ಗಂಡ ಗೋಡೆಯ ಮೇಲಿದ್ದ ಇಂಟರ್‌ನೆಟ್ಟಿನ ಎರಡು ಡಬ್ಬಿಗಳನ್ನೂ ಕಿತ್ತು ತಂದು ಸಾಲಿನಲ್ಲಿ ಕೂರಿಸಿದರು. ಬಿಳಿಯದೊಂದು, ಕರಿಯದೊಂದು. ಕುಂಕುಮ ಹಚ್ಚಿದವಳು ನಾನೇ. ಹಚ್ಚುವಾಗ, ಇವು ಎರಡು ಯಾಕಿವೆ ಎಂದು ಕೂಡ ಕೇಳಲಿಲ್ಲ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ ಬಿಡಿ. ವಿದ್ಯಾಗಿರಿಯ ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಕುಂಟುತ್ತದೆಂದೇ ಆ ಲೈನ್ ಹಾಕಿಸಿದ್ದು. ಹಾಕಲು ಬಂದವನು ನನ್ನ ಕೈಯಿಂದ ಚಹಾ ಇಸಿದುಕೊಂಡು, ನನ್ನನ್ನು ದಾಟಿ ಗಂಡನಿಗೆ ಎಲ್ಲ ವಿವರಿಸಿದ. "ಸರ್, ನೀವೊಮ್ಮೆ ತಿಳ್ಕೊಂಡ್ರ ಆತ್ರಿ" ಅಂದ. ಕಾಲೇಜಿನಲ್ಲಿ ಪಾಠ ಹೇಳುವವಳು ನಾನು, ತಿಳಿದುಕೊಳ್ಳಬೇಕಾದವರು ಇವರು! ಇವರು ದೊಡ್ಡದಾಗಿ ತಲೆಯಾಡಿಸಿದರು. ಏನು ತಿಳಿಯಿತೋ ಆ ಶಿವನಿಗೇ ಗೊತ್ತು.

ದಸರೆಯ ಮರುದಿನ ಹನ್ನೊಂದು ಗಂಟೆಗೆ ನನ್ನ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ ಇತ್ತು. ಪರೀಕ್ಷಕರು ಬೇರೆ ರಾಜ್ಯದವರಾದ್ದರಿಂದ ಆನ್‌ಲೈನಿನಲ್ಲಿ. ಏಳು ವರ್ಷದ ಕೆಲಸ ಅದು. ಇಳಕಲ್ಲಿನ ಮಗ್ಗದ ಮನೆಗಳಲ್ಲಿ, ಗುಡೂರಿನ ಕಟ್ಟೆಗಳ ಮೇಲೆ ಮುದುಕಿಯರ ಪಕ್ಕ ಕೂತು ಹಾಡು ಬರೆದುಕೊಂಡಿದ್ದೆ. ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು, ಬಂದ ಕೈಯಲ್ಲೇ ರೊಟ್ಟಿ ಬಡಿದಿದ್ದೆ. ಮುಗಿಸುವ ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಾಗಿತ್ತು. ಇನ್ನೊಂದು ಸಲ ಕೊಡುವುದಿಲ್ಲವೆಂದು ಪತ್ರವೇ ಬಂದಿತ್ತು.

ಬನ್ನಿ ಹಂಚಿ ಬಂದ ಸಂಜೆಯೇ ಡಬ್ಬಿ ಜೋಡಿಸಿರೆಂದು ಮೂರು ಸಲ ಹೇಳಿದೆ. "ಮುಂಜಾನಿ ಎರಡ ನಿಮಿಷದ ಕೆಲಸ, ಯಾಕ ಗಡಿಬಿಡಿ ಮಾಡ್ತಿ?" ಅಂದರು. ಮುಂಜಾನೆ ಹತ್ತೂಕಾಲಿಗೆ ಜೋಡಿಸಿ, ಕೈ ಝಾಡಿಸಿಕೊಂಡು, ತಮ್ಮ ಫೋನಿನಲ್ಲಿ ವೈಫೈ ಗುರುತು ತೋರಿಸಿದರು. "ನೋಡು, ಕಡ್ಡಿ ಫುಲ್ ಅದಾವು." ಕಡ್ಡಿ ಫುಲ್ ಇದ್ದವು ಖರೆ. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಯ ಪುಟ ಮಾತ್ರ ತಿರುಗಿದ್ದೇ ತಿರುಗಿದ್ದು, ತೆರೆಯಲೇ ಇಲ್ಲ.

"ಮ್ಯಾಲಿಂದನ ಲೈನ್ ಹೋಗೇತಿ. ಕಂಪನಿಯವರದ ತಪ್ಪು."

ಲೈನಿನವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವನಿಗೂ ಹಬ್ಬ. ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ನೋಡಿದೆ. ಪರದೆಯ ಮೇಲೆ ನನ್ನ ಮುಖ ಬಾಯಿ ತೆರೆದದ್ದು ಹಾಗೆಯೇ ನಿಂತುಬಿಟ್ಟಿತು. ಅಷ್ಟರಲ್ಲಿ ಮಾರ್ಗದರ್ಶಕರ ಫೋನ್. "ಮೇಡಂ, ಪರೀಕ್ಷಕರು ಬಂದು ಕುಂತಾರ್ರಿ. ನೀವ ಎಲ್ಲಿ?" ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಸ್ಟೂಲು ಎಳೆದುಕೊಂಡು ಹತ್ತಿ ಕರಿಯ ಡಬ್ಬಿಗೆ ಕೈ ಹಾಕಿದೆ.

"ಏ, ಮುಟ್ಟಬ್ಯಾಡ! ನಿನಗ ಅದ್ರಾಗಿಂದು ಏನ್ ತಿಳಿತೈತಿ?"

ಪಿತ್ತ ನೆತ್ತಿಗೇರಿತು. "ನಾ ಏಳ ವರ್ಷ ಓದೇನ್ರಿ. ನೀವು ಏಳ ನಿಮಿಷ ಸುಮ್ಮ ಕುಂದರ್ರಿ!"

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಕೂತರು.

ಕಂಬದಿಂದ ಬಂದ ಸಣ್ಣ ತಂತಿ ಬಿಳಿಯ ಡಬ್ಬಿಗೆ ಹೋಗಿತ್ತು. ಅದರ ದೀಪಗಳೆಲ್ಲ ಹಸಿರು. ಅಂದರೆ ಲೈನ್ ಮನೆಯ ತನಕ ನೆಟ್ಟಗೇ ಬಂದಿದೆ, ಕಂಪನಿಯವರ ಪಾಪ ಏನೂ ಇಲ್ಲ. ಬಿಳಿಯದರಿಂದ ಒಂದು ಕೇಬಲ್ ಕರಿಯದಕ್ಕೆ. ಕರಿಯದರಲ್ಲಿ ಒಂದು ದೀಪ ಕೆಂಪಗಿತ್ತು. ಬೆನ್ನು ತಿರುಗಿಸಿ ನೋಡಿದರೆ ನಾಲ್ಕು ಹಳದಿ ತೂತು, ಸ್ವಲ್ಪ ದೂರಕ್ಕೆ ಒಂಟಿಯಾಗಿ ಒಂದು ನೀಲಿ. ನಮ್ಮ ನೀರಿನ ಟಾಕಿಯೂ ಹೀಗೇ ಅಲ್ಲವೇ? ನೀರು ಒಳಗೆ ಬರುವ ಪೈಪು ಒಂದೇ, ನಳಗಳಿಗೆ ಹೋಗುವವು ನಾಲ್ಕು. ಇವರು ಒಳಗೆ ಬರುವುದನ್ನು ಒಯ್ದು ಹೊರಗೆ ಹೋಗುವ ಹಳದಿಗೆ ಚುಚ್ಚಿದ್ದರು. ಫುಲ್ ಕಡ್ಡಿಗಳು ಬರೀ ಈ ಡಬ್ಬಿಗೂ ಫೋನಿಗೂ ನಡುವಿನ ಮಾತು. ಡಬ್ಬಿಯೊಳಗೆ ಇಂಟರ್‌ನೆಟ್ಟೇ ಇರಲಿಲ್ಲ. ಇಷ್ಟೇ! ಇಷ್ಟು ತಿಳಿಯದ್ದಕ್ಕೆ ನನ್ನ ಏಳು ವರ್ಷ ನೀರುಪಾಲಾಗುವುದಿತ್ತು.

ಕೇಬಲ್ ಕಿತ್ತು ನೀಲಿಗೆ ಹಾಕಿದೆ. ಕೆಂಪು ಹಸಿರಾಯಿತು. ಹನ್ನೊಂದೂ ನಾಲ್ಕಕ್ಕೆ, ಡಬ್ಬಿಯ ಕುಂಕುಮ ಹತ್ತಿದ ಕೈಯಲ್ಲೇ ಪರೀಕ್ಷಕರಿಗೆ ನಮಸ್ಕಾರ ಹೇಳಿದೆ.

ಒಂದೂವರೆ ತಾಸು ಕೇಳಿದರು, ಹೇಳಿದೆ. ಮುಗಿಸುವಾಗ ಪರೀಕ್ಷಕರು ಪ್ರಬಂಧದ ಕೃತಜ್ಞತೆಯ ಪುಟ ತೆರೆದು, "ಪ್ರತಿ ಹೆಜ್ಜೆಗೂ ಬೆನ್ನಿಗೆ ನಿಂತ ಪತಿ ಎಂದು ಬರೆದಿದ್ದೀರಿ, ಇಂಥವರು ಅಪರೂಪ" ಎಂದು ಮೆಚ್ಚಿದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಇವರು ಎದ್ದು ಬಂದು, ನನ್ನ ಕುರ್ಚಿಯ ಹಿಂದೆ ನಿಂತು, ಕ್ಯಾಮೆರಾಕ್ಕೆ ಎರಡೂ ಕೈ ಜೋಡಿಸಿದರು. "ನಮ್ಮ ಕರ್ತವ್ಯ ಅಲ್ರಿ ಸರ್" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿ ನಕ್ಕೆ.

ಪದವಿ ಸಿಕ್ಕಿತು. ತಿದ್ದಿದ ಪ್ರತಿ ಬೈಂಡಾಗಿ ಮನೆಗೆ ಬಂದ ದಿನ ಇವರು ಮೊದಲು ತೆರೆದದ್ದು ಅದೇ ಕೃತಜ್ಞತೆಯ ಪುಟ. ಬೆರಳಿಟ್ಟುಕೊಂಡು ಎರಡು ಸಲ ಓದಿದರು.

"ಇದ್ರಾಗ ನಂದು ಬಿಟ್ಟ ಹೋಗೇತಲ್ಲ. ಪ್ರಿಂಟಿನವಗ ಹೇಳಬೇಕಿತ್ತು."

"ಬಿಟ್ಟ ಹೋಗಿಲ್ರಿ," ಅಂದೆ. "ನಾನ ತಗದೇನಿ."