ಚಿಕ್ಕಣ್ಣನ ಹಗ್ಗದ ಮೇಲೆ ಮೂವತ್ತೆಂಟು ಬಟ್ಟೆ

ಮೂರು ವರ್ಷದಿಂದ ಒಬ್ಬ ಮನುಷ್ಯನಿಗೆ ‘ನಿಂದು ಕಲೆ ಅಲ್ಲ ಕಣಪ್ಪ’ ಅಂತ ಹೇಳುತ್ತಲೇ ಬಂದಿದ್ದೆ. ಕಳೆದ ಭಾನುವಾರ ಅವನ ಅಂಗಡಿ ಮುಂದೆ ನಿಂತಾಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. (ನನ್ನನ್ನು ಹತ್ತಿರದಿಂದ ಬಲ್ಲವರಿಗೆ ಇದೇ ದೊಡ್ಡ ಸುದ್ದಿ. ನಮ್ಮ ಮನೆಯವರಂತೂ ಆ ಕ್ಷಣದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ.)

ತುಮಕೂರಿನ ನಮ್ಮ ಬಡಾವಣೆಯಲ್ಲಿ ಪ್ರತಿ ವರ್ಷ, ಬಿಸಿಲು ಏರುವ ಮುಂಚೆ, ಒಂದು ಭಾನುವಾರ ಕಲಾಹಬ್ಬ ನಡೆಯುತ್ತೆ. ಹಳೆಯ ಓದುಗರಿಗೆ ಗೊತ್ತು, ವರ್ಷಕ್ಕೊಂದು ಸಲ ಇಲ್ಲಿ ಅದರ ಬಗ್ಗೆ ಕೊಚ್ಚಿಕೊಳ್ಳುವುದು ನನ್ನ ಚಟ. ಹೊಸಬರಿಗೆ ಇಷ್ಟು ಹೇಳುತ್ತೇನೆ. ಇದಕ್ಕೆ ಸ್ಟೇಜ್ ಇಲ್ಲ, ಶಾಮಿಯಾನ ಇಲ್ಲ, ದೀಪ ಹಚ್ಚುವ ಗಣ್ಯರಿಲ್ಲ, ಶಾಲು-ಪೇಟ ಮೊದಲೇ ಇಲ್ಲ. ಹಿಟ್ಟಿನ ಗಿರಣಿ, ಸಲೂನು, ರೇಷನ್ ಅಂಗಡಿಯ ಜಗಲಿ, ಕುಡಿಯುವ ನೀರಿನ ಘಟಕ, ಅಪಾರ್ಟ್‌ಮೆಂಟಿನ ಪಾರ್ಕಿಂಗು, ಹೀಗೆ ಏಳು ಜಾಗ. ನಿಯಮ ಒಂದೇ. ಆ ಜಾಗದ ದಿನದ ಕೆಲಸ ನಿಲ್ಲಬಾರದು.

ಸಲೂನಿನಲ್ಲಿ ಕವಿತೆ ಓದುವಾಗ ಪಕ್ಕದ ಕುರ್ಚಿಯಲ್ಲಿ ಯಾರದೋ ಗಡ್ಡ ಹೋಗುತ್ತಿರಬೇಕು. ನೀರಿನ ಘಟಕದಲ್ಲಿ ಪಿಟೀಲು ಕೇಳುತ್ತಾ ಕ್ಯಾನು ತುಂಬಿಸಿಕೊಳ್ಳಬೇಕು. ಹೋದ ವರ್ಷ ಒಬ್ಬ ಅಜ್ಜಿ ತುಂಬಿದ ಕ್ಯಾನನ್ನೇ ಮೂರು ಸಲ ತಂದು ಕ್ಯೂನಲ್ಲಿಟ್ಟರು. ರಾಗ ಇನ್ನೂ ಮುಗಿದಿರಲಿಲ್ಲ, ಅಷ್ಟೆ.

ಜಾಗ ಆರಿಸುವ ಕೆಲಸ ನನ್ನದು. ಅಂದರೆ ‘ಈ ಜಾಗ ಬೇಡ’ ಅನ್ನುವ ಅಧಿಕಾರವೂ ನನ್ನದೇ. ಅಧಿಕಾರ ಚಿಕ್ಕದಾದಷ್ಟೂ ಜಂಭ ದೊಡ್ಡದಿರುತ್ತೆ ಅಲ್ವಾ?

ಚಿಕ್ಕಣ್ಣ ನಮ್ಮ ಮೂರನೇ ಕ್ರಾಸಿನ ಹೊಂಗೆ ಮರದ ಕೆಳಗೆ ಇಸ್ತ್ರಿ ಮಾಡುವವನು. ತಗಡಿನ ಮಾಡು, ಒಂದು ಮೇಜು, ಇದ್ದಿಲು ತುಂಬುವ ಭಾರದ ಇಸ್ತ್ರಿ ಪೆಟ್ಟಿಗೆ. ಅಂಗಡಿ ಅಂದರೆ ಇಷ್ಟೆ. ನಾವು ಹಬ್ಬದ ಮೀಟಿಂಗ್ ಮಾಡುವಾಗಲೆಲ್ಲ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ.

“ಅಮ್ಮಾ, ನನ್ ಅಂಗ್ಡೀಲೂ ಒಂದು ಪ್ರೋಗ್ರಾಮ್ ಮಡಗಿ.”

“ಅಲ್ಲಿ ಯಾರು ಹಾಡ್ತಾರೆ? ನೀನಾ?”

“ಹಾಡಾಕೆ ನಂಗೆಲ್ ಬತ್ತದಮ್ಮಾ. ಬಟ್ಟೆ ನೇತಾಕ್ತೀನಿ.”

“ಬಟ್ಟೆ ನೇತು ಹಾಕೋದು ಕಲೆ ಏನೋ ಚಿಕ್ಕಣ್ಣ? ಹಾಗಾದ್ರೆ ನಮ್ಮ ತಾರಸಿ ಮೇಲೆ ದಿನಾ ಹಬ್ಬ ಬಿಡು!”

ಮೀಟಿಂಗಿಗೆ ಮೀಟಿಂಗೇ ನಕ್ಕಿತು. ಅವನೂ ನಕ್ಕು ಹೊರಟುಹೋದ. ಮಾರನೇ ವರ್ಷ ಮತ್ತೆ ಬಂದ, ಅದರ ಮಾರನೇ ವರ್ಷವೂ ಬಂದ. ಒಳ್ಳೆ ಜೋಕು ಹೊಡೆದೆ ಅಂತ ನನಗೆ ಮೂರೂ ಸಲ ಖುಷಿಯಾಗಿತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತಿದೆ.

ಈ ವರ್ಷ ಹಬ್ಬಕ್ಕೆ ಎರಡು ದಿನ ಇರುವಾಗ ಹಿಟ್ಟಿನ ಗಿರಣಿಯ ಮೋಟಾರು ಸುಟ್ಟುಹೋಯಿತು. ಗಿರಣಿಯಲ್ಲಿ ರಂಗಗೀತೆ ಹಾಡಬೇಕಿದ್ದ ಗುಬ್ಬಿಯ ತಂಡವನ್ನು ರೇಷನ್ ಅಂಗಡಿಗೆ ಸಾಗಿಸಿದ್ದಾಯಿತು. ಆದರೆ ಪಾಂಪ್ಲೆಟ್ಟಿನಲ್ಲಿ ‘ಏಳು ಜಾಗ’ ಅಂತ ಅಚ್ಚಾಗಿ ಮನೆಮನೆಗೂ ಹೋಗಿಬಿಟ್ಟಿತ್ತು. ಏಳನೆಯದನ್ನು ಎಲ್ಲಿಂದ ತರೋದು? ತಲೆ ಕೆರೆದುಕೊಂಡು ಗೇಟಿಗೆ ಬಂದರೆ ಚಿಕ್ಕಣ್ಣ ನಿಂತಿದ್ದಾನೆ. ಈ ಸಲ ಒಂದು ಮಾತು ಹೆಚ್ಚಿಗೆ ಹೇಳಿದ.

“ಮುಂದಿನ ವರ್ಸ ಕೇಳಾಕೆ ನಾನಿರಾಕಿಲ್ಲ ಅಮ್ಮಾ. ಕುಣಿಗಲ್‌ಗೆ ಹೊಂಟೆ, ಮಗಳ ತಾವಕ್ಕೆ. ಅವ್ಳು ಟೈಲರ್ ಅಂಗ್ಡಿ ಇಟ್ಟವ್ಳೆ. ನನ್ ಭುಜ ಹೋಗೈತೆ, ಪೆಟ್ಗೆ ಎತ್ತಾಕಾಗಲ್ಲ.”

“ಅದಕ್ಕೂ ಬಟ್ಟೆ ನೇತು ಹಾಕೋದಕ್ಕೂ ಏನು ಸಂಬಂಧ?”

“ಜನ ಇಸ್ತ್ರಿಗೆ ಕೊಟ್ಟು ಮರ್ತೋಗಿರೋ ಬಟ್ಟೆ ಅವೆ ಅಮ್ಮಾ. ಮೂವತ್ತೆಂಟು. ಮನೆಮನೆ ತಿರುಗಿ ಕೇಳಿದೀನಿ. ಕೆಲವ್ರು ಊರೇ ಬಿಟ್ಟವ್ರೆ. ಕೆಲವ್ರು ನಮ್ದಲ್ಲ ಅಂತಾರೆ. ಹಬ್ಬದ ದಿನ ಆದ್ರೆ ಏರಿಯಾ ಬಿಟ್ಟೋದೋರೂ ಬತ್ತಾರೆ, ನೋಡಿ ಗುರ್ತು ಹಿಡ್ಕಂತಾರೆ. ಇನ್ನೊಬ್ರ ಬಟ್ಟೆ ಇಟ್ಕಂಡು ಹೆಂಗಮ್ಮಾ ಅಂಗ್ಡಿ ಮುಚ್ಚಾದು?”

ನಾನು ವಾಚು ನೋಡಿಕೊಂಡೆ. “ಒಂದು ಗಂಟೆ ಅಷ್ಟೆ. ಹನ್ನೊಂದರಿಂದ ಹನ್ನೆರಡು” ಅಂದೆ. ದೊಡ್ಡ ವರ ಕೊಟ್ಟವಳ ಹಾಗೆ.

ಭಾನುವಾರ ಹನ್ನೊಂದಕ್ಕೆ ಮೈಕ್ ಹಿಡಿದುಕೊಂಡು ಹೋದೆ. ಪಾಪ, ನಾಲ್ಕು ಜನರಾದರೂ ಬರಲಿ ಅಂತ ಒಂದು ಅನೌನ್ಸ್‌ಮೆಂಟ್ ತಯಾರು ಮಾಡಿಕೊಂಡಿದ್ದೆ. ಕ್ರಾಸ್ ತಿರುಗಿದವಳು ಹಾಗೇ ನಿಂತುಬಿಟ್ಟೆ.

ಹೊಂಗೆ ಮರದಿಂದ ಎದುರು ಮನೆಯ ಗೇಟಿನ ಕಂಬದವರೆಗೆ ಮೂರು ಸಾಲು ಹಗ್ಗ. ಬಿದಿರು ಸೀಳಿ ತಾನೇ ಮಾಡಿದ ಹ್ಯಾಂಗರು. ಅದರಲ್ಲಿ ಬಟ್ಟೆಗಳು. ಸ್ಕೂಲಿನ ನೀಲಿ ಪಿನಾಫೋರು. ಲಾಯರ್ ಕೋಟು. ಯಾರದೋ ಮದುವೆಯ ಸಫಾರಿ. ಒಂದು ಮೊಳ ಉದ್ದದ ರೇಷ್ಮೆ ಲಂಗ. ಜರಿ ಅಂಚಿನ ಪಂಚೆ. ಗುಂಡಿಗಳೆಲ್ಲ ಹಾಕಿದ್ದವು, ಕಾಲರ್‌ಗಳೆಲ್ಲ ನೆಟ್ಟಗಿದ್ದವು. ದೇವರಾಯನದುರ್ಗದ ಕಡೆಯಿಂದ ಒಂದು ಗಾಳಿ ಬೀಸಿತು ನೋಡಿ, ಮೂರೂ ಸಾಲು ಒಟ್ಟಿಗೆ ಉಬ್ಬಿದವು, ತೋಳುಗಳು ಎದ್ದವು, ಲಂಗ ತಿರುಗಿತು. ನಮ್ಮ ಕ್ರಾಸಿನ ಇಪ್ಪತ್ತು ವರ್ಷ ಅಲ್ಲಿ ಎದ್ದು ನಿಂತಿತ್ತು. ಮೈಕನ್ನು ಆಫ್ ಮಾಡಿ ಚಪ್ಪಡಿ ಮೇಲಿಟ್ಟೆ.

ಅದರ ಮಧ್ಯೆ ಚಿಕ್ಕಣ್ಣ ತನ್ನ ಪಾಡಿಗೆ ಯಾರದೋ ಪ್ಯಾಂಟು ಉಜ್ಜುತ್ತಿದ್ದ. ಕೆಲಸ ನಿಲ್ಲಬಾರದು ಅಂತ ನಾವೇ ನಿಯಮ ಮಾಡಿದ್ದೆವಲ್ಲ!

ಆಮೇಲೆ ನನಗೊಂದು ಹೊಳೆಯಿತು. ಅಷ್ಟೂ ಬಟ್ಟೆಯಲ್ಲಿ ಒಂದಕ್ಕೂ ಮಡಿಕೆಯ ಗೆರೆ ಇಲ್ಲ. ಹತ್ತು-ಹದಿನೈದು ವರ್ಷ ಕಟ್ಟಿಟ್ಟ ಬಟ್ಟೆ ಹೀಗಿರಲು ಹೇಗೆ ಸಾಧ್ಯ? ಕೇಳಿದೆ.

“ಮಡ್ಸಿದ್ದು ಮಡ್ಸಿದಂಗೇ ಬುಟ್ರೆ ಆ ಗೆರೆ ಮ್ಯಾಲೇ ಬಟ್ಟೆ ಹರೀತದೆ ಅಮ್ಮಾ. ಮೂರ್ ತಿಂಗ್ಳಿಗೊಂದ್ಸಲ ಬಿಚ್ಚಿ, ಕೊಡವಿ, ಬ್ಯಾರೆ ಕಡೆ ಮಡಸ್ತೀನಿ.”

“ಎಲ್ಲಾನೂ?”

“ಇನ್ನೇನು, ಇವರ್ದು ಮಡ್ಸಿ ಅವರ್ದು ಬುಡಾಕಾಯ್ತದಾ?”

ನೀವೇ ಹೇಳಿ. ಯಾರೂ ಕೇಳದ ಬಟ್ಟೆ. ಬರುತ್ತಾರೋ ಇಲ್ಲವೋ ಗೊತ್ತಿಲ್ಲದ ಜನ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಸುವುದು, ಇಪ್ಪತ್ತು ವರ್ಷ. ನನ್ನ ಬೀರುವಿನಲ್ಲಿ ನನ್ನದೇ ಧಾರೆ ಸೀರೆ ಮಡಿಕೆಯಲ್ಲಿ ಸೀಳಿಹೋಗಿದೆ. ವಾರ ವಾರ ‘ಬದುಕಿನಲ್ಲಿ ಕಾಳಜಿ’ ಅಂತ ನಿಮಗೆ ಉಪದೇಶ ಬರೆಯುವವಳು ನಾನು!

ಮೊದಲು ಮುಂದೆ ಬಂದದ್ದು ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳು. ಮದುವೆಯಾಗಿ ಗುಬ್ಬಿಯಲ್ಲಿದ್ದಾಳಂತೆ. ಪಿನಾಫೋರು ನೋಡಿ, “ಅಯ್ಯೋ, ಇದು ನಂದು! ಎಸ್ಸೆಸ್ಸೆಲ್ಸಿ ಲಾಸ್ಟ್ ಡೇಗೆ ಇಸ್ತ್ರಿಗೆ ಕೊಟ್ಟಿದ್ದೆ” ಅಂತ ಕಿರುಚಿದಳು. ಚಿಕ್ಕಣ್ಣ ಅದನ್ನು ಇಳಿಸಿ, ಮೇಜಿನ ಮೇಲೆ ಹರಡಿ, ಕಾದ ಪೆಟ್ಟಿಗೆಯನ್ನು ಒಂದು ಸಲ ಎಳೆದ. ಮಡಿಸಿ, ಎರಡೂ ಕೈಯಲ್ಲಿ ಕೊಟ್ಟ. “ಇಸ್ತ್ರಿಯವನು ತಣ್ಣಗಿರೋದ್ ಕೊಡಬಾರ್ದು” ಅಂದ. ಅವಳು ಬಿಸಿ ಬಿಸಿ ಯೂನಿಫಾರಂ ಕೆನ್ನೆಗೆ ಒತ್ತಿಕೊಂಡಳು. ಮಗು ಅದರ ಬೆಲ್ಟು ಕಚ್ಚತೊಡಗಿತು.

ಅಷ್ಟೇ ಪ್ರೋಗ್ರಾಮು. ಇಳಿಸುವುದು, ಉಜ್ಜುವುದು, ಮಡಿಸುವುದು, ಕೊಡುವುದು. ಜನ ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತು ನೋಡಿದರು.

ಎರಡನೇ ಕ್ರಾಸಿನ ಶಿವರುದ್ರಯ್ಯನವರು ಒಂದು ಬೂದು ಶರ್ಟಿನ ಮುಂದೆ ಬಹಳ ಹೊತ್ತು ನಿಂತರು. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿದ್ದವರು. ಭಾನುವಾರ ಈ ಯೂನಿಫಾರಂ ಶರ್ಟು ಇಸ್ತ್ರಿಗೆ ಕೊಟ್ಟಿದ್ದರಂತೆ, ಸೋಮವಾರ ಹೋದರೆ ಫ್ಯಾಕ್ಟರಿಯ ಗೇಟಿಗೇ ಬೀಗ. “ಆಮೇಲೆ ಇದನ್ನ ತಗಂಡು ಏನ್ಮಾಡ್ಲಿ ಅಂತ ಬರ್ಲೇ ಇಲ್ಲ ಕಣ್ರೀ” ಅಂದರು. ಹಾಕಿದ್ದ ಅಂಗಿಯ ಮೇಲೇ ಅದನ್ನು ತೊಟ್ಟರು. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಎಲ್ಲರೂ ನಕ್ಕರು, ಅವರೂ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟು ಹೊತ್ತಿಗೆ ಉಳಿದ ಆರು ಜಾಗವೂ ಖಾಲಿ. ಗುಬ್ಬಿಯ ತಂಡದ ಹಾರ್ಮೋನಿಯಂ ಮೇಷ್ಟ್ರು ಕೇಳುವವರಿಲ್ಲದೆ ತಾವೇ ಎದ್ದು ಬಂದರು. ಹಗ್ಗ ನೋಡಿ ತಲೆ ಅಲ್ಲಾಡಿಸಿ, “ನಾವು ಬಣ್ಣ ಬಳ್ಕಂಡು ಕಿರೀಟ ಇಟ್ಕಂಡ್ರೂ ಜನ ನಂಬಾಕೆ ಒಂದ್ ಗಂಟೆ ಬೇಕು. ಇಲ್ಲಿ ಒಳಗೆ ಯಾರೂ ಇಲ್ದೆ ಬಟ್ಟೆನೇ ಪಾರ್ಟು ಮಾಡ್ತವಲ್ರೀ!” ಅಂದರು. ಪಿಟೀಲಿನ ಹುಡುಗಿ ಯಾರೂ ಹೇಳದೆಯೇ ಬಂದು ಮರದ ಬುಡದಲ್ಲಿ ಕೂತು ನುಡಿಸತೊಡಗಿದಳು. ನಾನು ಕೊಟ್ಟ ಒಂದು ಗಂಟೆ ಎಂದೋ ಮುಗಿದಿತ್ತು. ಯಾರಿಗೆ ಬೇಕಾಗಿತ್ತು ನನ್ನ ವಾಚು?

ಇನ್ನು ಆ ಫೋಟೋ ವಿಷಯ. ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಬರೀ ಬೆರಗಿನಿಂದ ಅಂತ ನಮ್ಮ ಮನೆಯವರು ಅಂದುಕೊಂಡಿದ್ದಾರೆ. ಬೆರಗು ಹೌದು, ಸುಳ್ಳಲ್ಲ. ಆದರೆ ಆ ಕ್ಷಣಕ್ಕೆ ನನ್ನ ಕಣ್ಣು ಮೂರನೇ ಹಗ್ಗದ ಕೊನೆಯಲ್ಲಿತ್ತು. ಅಲ್ಲೊಂದು ಸೀರೆ. ಹಾಲುಬಣ್ಣದ ಕಾಟನ್ನು, ಹಸಿರು ಅಂಚು, ಸೆರಗಿನ ತುದಿಯಲ್ಲಿ ಟೀ ಚೆಲ್ಲಿದ ಕಲೆ.

ನನ್ನದು.

ಗುಬ್ಬಿ ಹತ್ತಿರದ ಕಡಬದ ಪುಟ್ಟಮ್ಮ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಕೆಲಸಕ್ಕಿದ್ದಳು. ಆರು ವರ್ಷದ ಹಿಂದೆ ಈ ಸೀರೆ ಕಾಣಿಸಲಿಲ್ಲ. ಕೇಳಿದರೆ, “ಇಸ್ತ್ರಿಗೆ ಕೊಟ್ಟಿದ್ನೇನೋ ಅಕ್ಕಾ, ಚಿಕ್ಕಣ್ಣ ಮಗಳ ಮದ್ವೆಗೆ ಕುಣಿಗಲ್‌ಗೆ ಹೋಗವ್ನೆ, ಬಂದ್ಮೇಲೆ ಕೇಳ್ತೀನಿ” ಅಂದಳು. ನಾನು ಕೇಳಲು ಬಿಡಲಿಲ್ಲ. ನಾಳೆಯಿಂದ ಬರಬೇಡ ಅಂದೆ. ಯಾಕೆ ಅಂತಲೂ ಹೇಳಿದೆ, ಅಕ್ಕಪಕ್ಕದ ಮನೆಗೆ ಕೇಳಿಸುವ ಹಾಗೆ. ಅವಳು ಕೆಲಸಕ್ಕೆ ಹೋಗುತ್ತಿದ್ದ ಉಳಿದೆರಡು ಮನೆಯವರೂ ಅವಳನ್ನು ಬಿಡಿಸಿದರು. ಆ ವಾರವೇ ಅವಳು ಕಡಬಕ್ಕೆ ಹೊರಟುಹೋದಳಂತೆ. ಆಮೇಲೊಂದು ದಿನ ಚಿಕ್ಕಣ್ಣ ಗೇಟಿಗೆ ಬಂದು, “ಒಂದು ಸೀರೆ ಉಳ್ಕಂಡೈತೆ, ನಿಮ್ದಾ ನೋಡಿ ಅಮ್ಮಾ” ಅಂದಿದ್ದ. ನಾನು ಫೋನಿನಲ್ಲಿದ್ದೆ. ನಮ್ಮದೇನೂ ಇಲ್ಲ ಅಂತ ಕೈಯಾಡಿಸಿದೆ. ಸೀರೆ ಎಲ್ಲಿದೆ ಅಂತ ನನಗೆ ‘ಗೊತ್ತಿತ್ತಲ್ಲ’!

ಹನ್ನೊಂದಕ್ಕೇ ಗುರುತು ಹಿಡಿದೆ. ಹೇಳಲಿಲ್ಲ. ಮುಂದೆ ಹೆಜ್ಜೆ ಇಡೋಣ ಅಂದುಕೊಂಡಾಗಲೆಲ್ಲ ಆ ಎರಡು ಮನೆಯವರು ಅಲ್ಲೇ ನಿಂತಿದ್ದದ್ದು ಕಣ್ಣಿಗೆ ಬೀಳುತ್ತಿತ್ತು. ಜನ ಕರಗಲಿ, ಆಮೇಲೆ ಮೆಲ್ಲಗೆ ಇಸಿದುಕೊಂಡರಾಯಿತು ಅಂತ ಕಾದೆ. ಜನ ಕರಗಲಿಲ್ಲ. ಹಗ್ಗ ಖಾಲಿಯಾಯಿತು. ಎರಡು ಗಂಟೆಯ ಹೊತ್ತಿಗೆ ಮೂವತ್ತೇಳು ಬಟ್ಟೆ ಮನೆ ಸೇರಿ ಒಂದೇ ಒಂದು ಉಳಿಯಿತು.

“ಇದೊಂದು ಯಾರ್ದೂ ಅಲ್ವಾ?” ಚಿಕ್ಕಣ್ಣ ಸುತ್ತಲೂ ನೋಡಿದ. “ಪುಟ್ಟಮ್ಮ ತಂದಿದ್ದು. ಮೂರು ಮನೇದು ಒಟ್ಟಿಗೆ ತತ್ತಿದ್ಲು, ಯಾವ ಮನೇದೋ ತಿಳೀಲಿಲ್ಲ.”

“ಯಾರಿಗಾದ್ರೂ ಬಡವರಿಗೆ ಕೊಟ್ಬಿಡು ಮಾರಾಯ” ಅಂದರು ಒಬ್ಬರು.

“ಕೊಡಾಕೆ ಅದು ನಂದಲ್ವಲ್ಲ ಸ್ವಾಮಿ.” ಸೀರೆಯನ್ನು ಇಳಿಸಿ ಮಡಿಸತೊಡಗಿದ. “ಇರ್ಲಿ ಬುಡಿ. ಕುಣಿಗಲ್‌ಗೇ ತಗಂಡೋಯ್ತೀನಿ. ಅಲ್ಲೂ ಮೂರ್ ತಿಂಗ್ಳಿಗೊಂದ್ಸಲ ಬಿಚ್ಚಿ ಮಡಸ್ತೀನಿ.”

ಅವನ ಎಡಗೈ ನೋಯುವ ಭುಜವನ್ನು ಒತ್ತಿಕೊಳ್ಳುತ್ತಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

“ಅದು ನಂದು ಚಿಕ್ಕಣ್ಣ” ಅಂದೆ. ಮೈಕ್ ಆಫ್ ಇತ್ತು. ಆದರೂ ಎಲ್ಲರಿಗೂ ಕೇಳಿಸಿತು. ಆ ಎರಡು ಮನೆಯವರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು.

ಚಿಕ್ಕಣ್ಣ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸೀರೆಯನ್ನು ಮತ್ತೆ ಬಿಚ್ಚಿ, ಪೆಟ್ಟಿಗೆ ಎಳೆದು, ಹೊಸದಾಗಿ ಮಡಿಸಿ ಎರಡೂ ಕೈಯಲ್ಲಿ ಕೊಟ್ಟ. ಸುಡುತ್ತಿತ್ತು. ಆಮೇಲೆ ಪೆಟ್ಟಿಗೆಯ ಕೆಂಡವನ್ನು ಮಣ್ಣಿಗೆ ಸುರಿದು ನೀರು ಹೊಯ್ದ. ಅಂಗಡಿ ಮುಚ್ಚಿತು.

“ಪುಟ್ಟಮ್ಮಂಗೂ ಹೇಳ್ಬುಡಿ ಅಮ್ಮಾ, ಸೀರೆ ಸಿಕ್ತು ಅಂತ. ಖುಷಿ ಪಡ್ತಾಳೆ” ಅಂದ.

ಪಾಪ, ಅವನಿಗೇನು ಗೊತ್ತು.

ನಾಳೆ ಬೆಳಿಗ್ಗೆ ಕಡಬದ ಬಸ್ಸು ಹತ್ತುತ್ತಿದ್ದೇನೆ. ಸೀರೆ ಬ್ಯಾಗಿನಲ್ಲಿದೆ. ಅವಳು ಬಾಗಿಲು ತೆಗೆದರೆ ಏನು ಹೇಳಬೇಕು ಅಂತ ಮೂರು ದಿನದಿಂದ ಬರೆದು ಬರೆದು ಹರಿದು ಹಾಕಿದ್ದೇನೆ. ‘ಈ ಸೀರೆ ನಂದು’ ಅನ್ನಲು ನನಗೆ ಮೂರು ಗಂಟೆ ಬೇಕಾಯಿತು. ‘ಇವಳೇ ಕದ್ದಿದ್ದು’ ಅನ್ನಲು ಅವತ್ತು ಎಷ್ಟು ಹೊತ್ತು ಹಿಡಿದಿತ್ತು, ಹೇಳಿ ನೋಡೋಣ?