ಲೈನ್‌ಮ್ಯಾನ್ ತಿಪ್ಪೇಶಪ್ಪನ ಸತ್ತ ಬಂದೂಕುಗಳು

ನಮ್ಮ ಮನೆಯಲ್ಲಿ ಐದು ಬಂದೂಕುಗಳಿವೆ. ಐದೂ ಸತ್ತಿವೆ. ಒಂದಕ್ಕೆ ಕುದುರೆ ಇಲ್ಲ, ಒಂದರ ನಳಿಗೆಯೊಳಗೆ ಕಣಜ ಗೂಡು ಕಟ್ಟಿದೆ, ಇನ್ನೊಂದರ ಮರದ ಹಿಡಿಯನ್ನು ಗೆದ್ದಲು ಅರ್ಧ ತಿಂದು ರುಚಿ ಹತ್ತದೆ ಬಿಟ್ಟುಹೋಗಿದೆ. ಠಾಣೆಯವರು ಒಮ್ಮೆ ಬಂದು ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿ, "ಇವು ಬಂದೂಕಲ್ಲ ಯಜಮಾನ್ರೇ, ಸೌದೆ" ಅಂದು ಟೀ ಕುಡಿದು ಹೋದರಂತೆ. ಆ ಮಾತಿಗೆ ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅತ್ತೆ ಈಗಲೂ ಹೇಳಿ ನಗುತ್ತಾರೆ.

ನನ್ನ ತವರು ಸೂಳೆಕೆರೆ ಕಡೆ. ಅಲ್ಲಿ ಗೋಡೆಗೆ ಮೀನಿನ ಬಲೆ ತೂಗುಹಾಕುತ್ತಾರೆ. ಬಲೆಯಿಂದ ಸಾರಿಗೆ ಮೀನಾದರೂ ಬರುತ್ತದೆ. ಮದುವೆಯಾಗಿ ಬಿಳಿಚೋಡಿಗೆ ಬಂದಾಗ ಈ ಗೋಡೆ ನೋಡಿ, ಗಂಡಿನ ಕಡೆಯವರು ಏನು ಕಸುಬಿನವರಪ್ಪಾ ಅಂತ ನನ್ನಮ್ಮನ ಮುಖ ಬಾಡಿಹೋಗಿತ್ತು. "ಹೆದರಬೇಡ್ರಿ ಬೀಗತಿ, ಇವು ನಮ್ಮ ಯಜಮಾನ್ರಂಗೆ. ಬರೀ ಮೀಸೆ, ಸದ್ದಿಲ್ಲ" ಅಂದು ಅತ್ತೆ ಅಂಜಿನಮ್ಮ ಸಮಾಧಾನ ಮಾಡಿದರು.

ಮಾವ ತಿಪ್ಪೇಶಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ವರ್ಗವಾದಲ್ಲೆಲ್ಲ ಕಂಬ ಹತ್ತಿದರು, ಮಾಳಿಗೆ ಹತ್ತಿದರು, ಅಟ್ಟ ಹತ್ತಿದರು. ಅಟ್ಟದಲ್ಲೇ ಅವರಿಗೆ ಈ ರೋಗ ಹತ್ತಿದ್ದು. ದೊಡ್ಡ ಮನೆಗಳ ಅಟ್ಟದಲ್ಲಿ ವೈರ್ ಎಳೆಯುವಾಗ ಮುರಿದ ತೊಟ್ಟಿಲು, ತೂತಾದ ಹಂಡೆಗಳ ನಡುವೆ ಹಳೆ ಬಂದೂಕು ಬಿದ್ದಿರುತ್ತಿದ್ದವು. ಕೆಲಸ ಮುಗಿಸಿ ಕೆಳಗಿಳಿದು, "ಗೌಡ್ರೇ, ಮೇಲೊಂದು ಹಳೆ ಕಬ್ಬಿಣ ಐತಲ್ಲ, ಒಯ್ಲಾ?" ಅಂದರೆ, "ಒಯ್ಯೋ ಮಾರಾಯ, ಅಟ್ಟ ಖಾಲಿಯಾಗ್ಲಿ" ಅನ್ನುತ್ತಿದ್ದರಂತೆ. ಹಾಗೆ ಬಂದವು ಐದು.

ಬೇರೆಯವರಾದರೆ ಯಾವ ಕಾಲದ್ದು, ಯಾವ ಕಂಪನಿಯದ್ದು ಅಂತ ಹೇಳುತ್ತಾರೆ. ಮಾವನಿಗೆ ಅದೊಂದೂ ಗೊತ್ತಿಲ್ಲ. "ಇದು ಕಬ್ಬು ಮುರಿದ ಹುಡುಗರ ಮೇಲೆ ಎತ್ತಿದ್ದು. ಇದನ್ನ ಬರೀ ಮದುವೆಯಾಗೆ ಗಾಳಿಗೆ ಹೊಡೀತಿದ್ರು. ಇದು ಯಾರನ್ನೂ ಹೆದರಿಸ್ಲಿಲ್ಲ, ಪಾಪ, ಮನೆ ಅಳಿಯ ತಂದಿದ್ದು." ಅವರ ಲೆಕ್ಕದಲ್ಲಿ ಬಂದೂಕಿನ ಚರಿತ್ರೆ ಅಂದರೆ ಅದರ ಮುಂದೆ ನಿಂತವರ ಚರಿತ್ರೆ.

ಐದರಲ್ಲಿ ಒಂದು ಮಾತ್ರ ಬೇರೆ. ಅದು ಮಾವ ಹುಟ್ಟಿದ ಊರಿನ ಗೌಡರ ಮನೆಯದು. ಊರು ಹೊನ್ನಾಳಿ ಕಡೆಯದು, ಹೆಸರು ಬರೆಯಲ್ಲ; ಆ ಮನೆಯ ಹುಡುಗಿ ನನ್ನ ಜೊತೆ ಬಿ.ಎಡ್. ಓದಿದವಳು, ಒಳ್ಳೆಯವಳು. ಮಾವನ ಅಜ್ಜ ದುರುಗಜ್ಜ ಆ ಗೌಡರ ಜೊತೆ ಬೇಟೆಗೆ ಹೋಗುತ್ತಿದ್ದರು. ಜೊತೆಗೆ ಅಂದರೆ ಹಿಂದೆ. ಬಂದೂಕು ಹೊರುವುದು ಅಜ್ಜ, ಮದ್ದು ತುಂಬುವುದು ಅಜ್ಜ, ತೊಳೆದು ಎಣ್ಣೆ ಹಚ್ಚುವುದು ಅಜ್ಜ. ಗುರಿ ಮಾತ್ರ ಗೌಡರದು. ಗುರಿ ತಪ್ಪಿದರೆ ಬೈಗುಳ ಅಜ್ಜನಿಗೆ.

ಇಂಥ ಘನವಾದ ಬಂದೂಕಿನ ನಳಿಗೆ ಒಂದು ದಿನ ಹಿಂದಿನ ಬಿರಡೆ ಕಳಚಿ, ಹಿಡಿಯಿಂದ ಬೇರೆಯಾಗಿ ಬಿತ್ತು. ಎರಡೂ ಕಡೆ ತೂತು. ಅತ್ತೆ ಅದನ್ನೆತ್ತಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, ಸೀದಾ ನೀರೊಲೆಗೆ ಒಯ್ದರು. ಅಂದಿನಿಂದ ಅದು ಊದುಗೊಳವೆ. ಮಾವ ಕೂಗಾಡಿದರು. "ಇಷ್ಟು ದಿನ ಬೆಂಕಿ ಉಗುಳ್ತಿತ್ತು, ಈಗ ಬೆಂಕಿ ಹಚ್ತೈತೆ. ಕಸುಬು ಬಿಟ್ಟಿಲ್ವಲ್ಲ!" ಅಂದರು ಅತ್ತೆ. ಉಫ್ ಅಂತ ಊದಿದರು. ಆ ಜಗಳ ಅಲ್ಲಿಗೇ ಮುಗಿಯಿತು, ಮಾವ ಸೋತರು.

ಈ ವರ್ಷ ಜಗಳ ಬೇರೆ ಕಡೆಯಿಂದ ಶುರುವಾಯಿತು. ನನ್ನ ಮಗಳು ಅಕ್ಷಿತಾ ಒಂದನೇ ಕ್ಲಾಸು. ಅವಳಿಗೆ ಓದಾಕೆ, ಮಲಗಾಕೆ ಜಾಗ ಬೇಕು. ಇರುವುದು ಬಂದೂಕಿನ ಕೋಣೆ ಒಂದೇ. ನನ್ನ ಗಂಡ ದುರುಗೇಶ್ ಜಗಳೂರಿನಲ್ಲಿ ಗುಮಾಸ್ತ. ಮನೆಯಲ್ಲೂ ಆಫೀಸಿನ ಥರವೇ ಮಾತು. "ಅಪ್ಪಾ, ಅವನ್ನ ವಿಲೇವಾರಿ ಮಾಡೋಣ."

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಾನು ಕಣ್ಮುಚ್ಚೋದ್ರೊಳಗೆ ನಿಮ್ಮ ಪೈಕಿ ಒಬ್ರಾದ್ರೂ 'ನನಗೆ ಬೇಕು' ಅನ್ರಪ್ಪ. ಯಾರೂ ಅನ್ನದಿದ್ರೆ ಈ ಆಯುಧಪೂಜೆ ಆದ ಮೇಲೆ ಗುಜರಿ ಗಾಡಿಗೆ ನಾನೇ ಎತ್ತಿ ಹಾಕ್ತೀನಿ."

ಯಾರೂ ಅನ್ನಲಿಲ್ಲ. ಭಾವ ಭೀಮೇಶ್ ಫೋನಿನಲ್ಲಿ, "ಗುಜರಿಯವನು ತೂಕದಾಗೆ ಮೋಸ ಮಾಡ್ತಾನೆ, ನೋಡ್ಕಂಡು ಹಾಕು" ಅಂದರು. ಅಕ್ಷಿತಾಳನ್ನು ಕೇಳಿದರೆ, "ಢಂ ಅನ್ನುತ್ತಾ?" ಅಂದಳು. ಇಲ್ಲ ಅಂದೆವು. "ಮತ್ತೆ ಅಜ್ಜ ಅದನ್ನ ಯಾಕೆ ಸಾಕ್ಯಾನೆ?" ನಾನು ಅಕ್ಕಿ ಆರಿಸುತ್ತ ಕೂತೆ. ನನಗೂ ಕೋಣೆ ಬೇಕಿತ್ತಲ್ಲ.

ಆಯುಧಪೂಜೆ ದಿನ ಬೇರೆಯವರ ಮನೆಯಲ್ಲಿ ಆಯುಧಕ್ಕೆ ಕುಂಕುಮ, ಹೂವು, ಕುಂಬಳಕಾಯಿ. ನಮ್ಮಲ್ಲಿ ಹಾಗಲ್ಲ. ಅವತ್ತು ಮಾವ ಬಂದೂಕುಗಳನ್ನು ಅಂಗಳಕ್ಕೆ ತಂದು ಬಿಸಿಲಲ್ಲಿ ಸಾಲಾಗಿ ಗೋಡೆಗೆ ಒರಗಿಸುತ್ತಾರೆ. ತಾವು ಜಗಲಿಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ, ಟೀ ಕುಡಿಯುತ್ತಾರೆ. "ಏನ್ರೀ ಗೌಡ್ರೇ, ಬಿಸ್ಲು ಜೋರೈತಾ? ಇರ್ರಿ, ಕರೀತೀನಿ." ದುರುಗಜ್ಜ ಹಾಗೆ ಗೌಡರ ಅಂಗಳದಲ್ಲಿ ಕರೆ ಬರುವ ತನಕ ನಿಂತಿರುತ್ತಿದ್ದರಂತೆ. ಮೊದಮೊದಲು ಓಣಿಯವರು ಇವರಿಗೆ ತಲೆಕೆಟ್ಟಿದೆ ಅಂದುಕೊಂಡರು. ಈಗ ನೋಡಾಕೆ ಬರುತ್ತಾರೆ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ, ಅತ್ತೆಯ ಮಂಡಕ್ಕಿ ಮೆಣಸಿನಕಾಯಿ ತಿಂದು ಹೋಗುತ್ತಾರೆ.

ಈ ಸಲ ಮಾವ ಟೀ ಬಾಯಿಗಿಡುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಜೀಪಿಗೆ ಬಾಳೆಕಂದು, ಹಾರ. ಇಳಿದವನು ನನ್ನ ವಯಸ್ಸಿನ ಹುಡುಗ, ಕೈಯಲ್ಲಿ ಸ್ವೀಟ್ ಬಾಕ್ಸ್. "ಅಂಕಲ್, ನಾನು ಪ್ರವೀಣ್ ಕುಮಾರ್. ನಿಮ್ಮೂರ ಗೌಡರ ಮರಿಮಗ. ಹೋದ ವರ್ಷದ ನಿಮ್ಮ ವಿಡಿಯೊ ನೋಡ್ದೆ, ಹುಡುಕ್ಕೊಂಡು ಬಂದೆ."

ಮಾವ ಕಾಲ ಮೇಲಿನ ಕಾಲು ಇಳಿಸಲಿಲ್ಲ. ನನಗೆ ಕೈ ಮಾಡಿ ಇನ್ನೊಂದು ಕುರ್ಚಿ, ಇನ್ನೊಂದು ಟೀ ತರಿಸಿದರು.

ಹುಡುಗ ಒಳ್ಳೆಯವನೇ. ಬಂದೂಕಿನ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಕೇಳಿದ. ಮದ್ದು ಮುಂದಿನಿಂದ ತುಂಬೋದಾ, ಕೇಪು ಎಲ್ಲಿಡೋದು, ಎಷ್ಟು ದೂರ ಹೋಗ್ತಿತ್ತು. ಅವನು ಕೇಳುತ್ತ ಹೋದಂತೆ ಮಾವನ ಮುಖ ಅರಳುತ್ತ ಹೋಯಿತು. ನಾವ್ಯಾರೂ ಯಾವತ್ತೂ ಕೇಳದ್ದನ್ನು ಒಬ್ಬ ಕೇಳುತ್ತಿದ್ದಾನೆ!

"ನಮ್ಮನೇದು ಯಾವುದು ಅಂಕಲ್?"

ಮಾವ ಗೆದ್ದಲು ತಿಂದ ಮರದ ಹಿಡಿ ತೋರಿಸಿದರು.

"ನಳಿಗೆ?"

ಮಾವ ಕೆಮ್ಮಿದರು. ನೀರೊಲೆ ಹತ್ತಿರದಿಂದ ಅತ್ತೆ ಎದ್ದು ಬಂದರು, ಕೈಯಲ್ಲಿದ್ದ ನಳಿಗೆಯ ಮಸಿಯನ್ನು ಸೆರಗಿನಿಂದ ಒರೆಸುತ್ತ. "ಇದೇ ಕಣಪ್ಪ. ಎಲ್ಲೂ ಹೋಗಿಲ್ಲ. ನೀನು ಕುಡಿಯೋ ಟೀನೂ ಇದ್ರಲ್ಲೇ ಊದಿ ಕಾಸಿದ್ದು, ಗ್ಯಾಸು ಮುಗಿದೈತೆ."

ಪ್ರವೀಣ್ ಲೋಟವನ್ನೂ ನಳಿಗೆಯನ್ನೂ ನೋಡಿದ. ಆಮೇಲೆ ನಕ್ಕುಬಿಟ್ಟ. ಅಲ್ಲಿಯವರೆಗೂ ಎಲ್ಲ ಸರಿಯೇ ಇತ್ತು.

ಅವನು ಹೊಳೆ ಹತ್ತಿರದ ತೋಟದಲ್ಲಿ ಪ್ಯಾಟೆಯವರು ಬಂದು ಉಳಿಯುವ ಮನೆ ಕಟ್ಟುತ್ತಿದ್ದಾನಂತೆ. ನಡುಮನೆಯ ಗೋಡೆಗೆ ಪೂರ್ವಜರ ಬಂದೂಕು, ಕೆಳಗೆ ಫೋಟೊ, ಹೆಸರು. ಒಳ್ಳೆ ದಿನ ನೋಡಿ ಒಯ್ಯಲು ಬಂದಿದ್ದಾನೆ.

"ಕೊಡ್ತೀನಿ," ಅಂದರು ಮಾವ. ಅತ್ತೆ ನನ್ನ ಮುಖ ನೋಡಿದರು. "ಬೇಕು ಅಂದೋನು ನೀನೊಬ್ಬನೇ. ಒಂದೇ ಮಾತು. ಫೋಟೊ ಹಾಕು, ಬೇಡ ಅನ್ನಲ್ಲ. ಪಕ್ಕದಾಗೆ ನಮ್ಮಜ್ಜನ ಹೆಸ್ರೂ ಬರೆಸು. ಹೊತ್ತೋನು ದುರುಗಪ್ಪ ಅಂತ."

ಪ್ರವೀಣ್ ತಲೆ ಕೆರೆದ. "ಅಂಕಲ್, ಬೇಜಾರು ಮಾಡ್ಕೋಬೇಡಿ. ಬಂದೋರಿಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ? ಬಂದೂಕು ಯಾರದೋ ಅವರ ಹೆಸರು ಹಾಕೋದಲ್ವಾ?"

ದುರುಗೇಶ್ ಅಷ್ಟು ಹೊತ್ತೂ ಬೈಕಿನ ಚಕ್ರ ಉಜ್ಜುತ್ತ ಬೆನ್ನು ಹಾಕಿ ಕೂತಿದ್ದ. ಒದ್ದೆ ಬಟ್ಟೆ ಹಿಡಿದೇ ಎದ್ದು ಬಂದ.

"ಯಾರದು ಅಂದ್ರೆ ಹೆಂಗೆ ಹೇಳ್ತೀರಿ? ಹೊತ್ತೋನು ನಮ್ಮ ಮುತ್ತಜ್ಜ. ತೊಳೆದೋನು, ತುಂಬ್ದೋನು ನಮ್ಮ ಮುತ್ತಜ್ಜ. ನಿಮ್ಮೋರು ಬರೀ ಬೆರಳು ಎಳೆದ್ರು, ಅದೂ ಗುರಿಗೆ ಬೀಳ್ತಿರಲಿಲ್ಲ. ಬೇಕಾದ್ರೆ ಗೋಡೆ ಮೇಲೆ ಆ ಬೆರಳಿನ ಫೋಟೊ ಹಾಕ್ರಿ. ಬಂದೂಕು ಕೊಡಲ್ಲ."

ನನ್ನ ಗಂಡ ಆಫೀಸಿನ ಭಾಷೆ ಬಿಟ್ಟು ಮಾತಾಡಿದ್ದು ಕೇಳಿ ನನಗೆ ಮತ್ತೊಮ್ಮೆ ಮದುವೆಯಾದ ಹಾಗೆ ಆಯಿತು.

ಪ್ರವೀಣ್ ಕೆಂಪಗಾದ. ಅತ್ತೆ ಮಂಡಕ್ಕಿ ತಟ್ಟೆ ಮುಂದಿಟ್ಟು, "ತಿಂದು ಹೋಗಪ್ಪ, ಬಂದೂಕಿನ ಸಿಟ್ಟು ಮೆಣಸಿನಕಾಯಿ ಮೇಲೆ ಯಾಕೆ?" ಅಂದರು. ತಿಂದ. ಖಾರ ಹತ್ತಿ ನೀರು ಕುಡಿದ. "ಹೆಸರಿನ ವಿಷಯ ಮನೇಲಿ ಕೇಳ್ತೀನಿ ಅಂಕಲ್" ಅಂದು ಹೊರಟ.

"ಕೇಳಪ್ಪ. ಹೆಸ್ರು ಹಾಕೋದಾದ್ರೆ ಬಾ, ನೋಡಿ ಹೋಗು" ಅಂದರು ಮಾವ. ಒಯ್ಯಿ ಅನ್ನಲಿಲ್ಲ.

ಜೀಪು ತಿರುವು ದಾಟಿದ್ದೇ ಮಾವ ಮಗನ ಕಡೆ ತಿರುಗಿದರು, ಕಣ್ಣಲ್ಲಿ ದೀಪ. "ಹಂಗಾದ್ರೆ ನಿನಗೆ ಬೇಕು ಅನ್ನು."

"ನಾನೆಲ್ಲಿ ಹಂಗಂದೆ? ಅವನಿಗೆ ಕೊಡಲ್ಲ ಅಂದೆ. ನನಗೆ ಬೇಕು ಅಂದ್ನಾ?"

ಮಾವನ ಕಣ್ಣಿನ ದೀಪ ಅಲ್ಲೇ ಆರಿತು. ಬಂದೂಕುಗಳನ್ನು ಒಂದೊಂದಾಗಿ ಎತ್ತಿ ಬಾಗಿಲ ಹತ್ತಿರ ತಂದು ನೆಲಕ್ಕೆ ಹಾಕತೊಡಗಿದರು. ಗುಜರಿ ಗಾಡಿ ನಾಳೆ ಬರುತ್ತದೆ. ಮಾವ ಆಡಿದ ಮಾತು ತಪ್ಪುವವರಲ್ಲ, ಅದೇ ಅವರ ದೊಡ್ಡ ದುರ್ಗುಣ.

ನನ್ನ ಬಾಯಿಂದ ಹೊರಟಿತು: "ನನಗೆ ಬೇಕು ಮಾವ."

"ನಿನಗೇನಕ್ಕೆ ತಾಯಿ?"

ಅಕ್ಷಿತಾಳ ಕಡೆ ಕೈ ತೋರಿಸಿದೆ. "ಆ ಹುಡುಗ ಕೇಳಿದ್ನಲ್ಲ, ಯಾರದು ಅಂತ. ನಾಳೆ ಇವಳನ್ನೂ ಯಾರಾದ್ರೂ ಕೇಳಬಹುದು. ಹೇಳಾಕೆ ಮುಂದೆ ವಸ್ತು ಇದ್ರೆ ಒಳ್ಳೇದು. ಇವಳಿಗೆ ಬೇಕೋ ಬೇಡವೋ ದೊಡ್ಡವಳಾಗಿ ಅವಳೇ ಹೇಳ್ಲಿ." ಅಷ್ಟು ಹೇಳಿ, ಧೈರ್ಯ ಬಂದ ಮೇಲೆ ಉಳಿದದ್ದನ್ನೂ ಹೇಳಿದೆ. "ಆದ್ರೆ ಕೋಣೆ ಅಕ್ಷಿತಾಗೆ. ಬಂದೂಕು ಪಡಸಾಲೆಗೆ, ಇವಳ ಕೈಗೆ ಎಟುಕದಷ್ಟು ಎತ್ತರಕ್ಕೆ. ಕಣಜದ ಗೂಡು ಇವತ್ತೇ ತೆಗೀಬೇಕು. ಅತ್ತೆಗೆ ಬೇರೆ ಊದುಗೊಳವೆ ತರಬೇಕು."

"ಗೂಡು ನಂಗೆ!" ಅಂದಳು ಅಕ್ಷಿತಾ. ಬಂದೂಕು ಸಂಗ್ರಹದಲ್ಲಿ ಸದ್ಯಕ್ಕೆ ಹೊಸ ತಲೆಮಾರಿಗೆ ಬೇಕಾಗಿರುವುದು ಅದೊಂದೇ.

"ಹಿತ್ತಾಳೇದೇ ಬೇಕು ನನಗೆ," ಅಂದರು ಅತ್ತೆ. "ಎಷ್ಟೋ ದಿನ ಆ ಗೌಡನ ಬಾಯಿಗೆ ಬಾಯಿ ಇಟ್ಟಿದ್ದಾತು."

ಮಾವ ನಕ್ಕರು. ಒಳಗಿನಿಂದ ತಮ್ಮ ಹಳೆ ಕಟಿಂಗ್ ಪ್ಲೇಯರ್, ತಾಮ್ರದ ವೈರು ತಂದು ಕೂತು, ನಳಿಗೆಯನ್ನು ಹಿಡಿಗೆ ಸೇರಿಸಿ ಕಂಬದ ಮೇಲೆ ಕಟ್ಟುವ ಹಾಗೆ ಬಿಗಿಯಾಗಿ ಸುತ್ತಿದರು. ಎದ್ದು ನನ್ನ ಕೈಗೆ ಕೊಟ್ಟರು.

"ಎಣ್ಣೆ ಹಚ್ಚೋದು ಆಮೇಲೆ. ಮೊದ್ಲು ಹೊರೋದು ಕಲಿ."

ಇಷ್ಟು ಭಾರ ಇರುತ್ತದೆ ಅಂದುಕೊಂಡಿರಲಿಲ್ಲ. ಬಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದೆ.

"ಆ ಹೆಗಲಲ್ಲ ತಾಯಿ, ಎಡದ್ದು. ಬಲಗೈ ಖಾಲಿ ಇರ್ಬೇಕು. ಗೌಡ್ರಿಗೆ ಮುಳ್ಳು ತಾಗದಂಗೆ ಕೊಂಬೆ ಸರಿಸ್ತಾ ಹೋಗ್ಬೇಕಿತ್ತಲ್ಲ, ಅದಕ್ಕೆ."

ಎಡ ಹೆಗಲಿಗೆ ಬದಲಿಸಿದೆ. ಬಲಗೈ ಖಾಲಿಯಾಯಿತು. ಅದನ್ನು ಅಕ್ಷಿತಾ ಹಿಡಿದುಕೊಂಡಳು, ಇಬ್ಬರೂ ಅಂಗಳ ದಾಟಿ ಪಡಸಾಲೆಗೆ ನಡೆದೆವು.